ಮಗುಚಿದರೂ ಸೋರದ ಟ್ಯಾಂಕ್: ಆಫ್‌ರೋಡ್ ವಾಹನಕ್ಕೆ ಫ್ಯೂಯೆಲ್ ಸೆಲ್ ಅಳವಡಿಸುವ ಸಮಗ್ರ ಮಾರ್ಗದರ್ಶಿ

ಬಂಡೆಗಳ ಮೇಲೆ, ಕಡಿದಾದ ಇಳಿಜಾರಿನಲ್ಲಿ, ಕೆಸರಿನ ಹಳ್ಳದಲ್ಲಿ ಓಡುವ ವಾಹನ ಒಂದಲ್ಲ ಒಂದು ದಿನ ಮಗುಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಟ್ಯಾಂಕಿನ ಇಂಧನ ಎಲ್ಲಿಗೆ ಹೋಗುತ್ತದೆ? ಟ್ಯಾಂಕ್ ಎಲ್ಲಿ ಕೂರಬೇಕು, ಗಾಳಿಯ ಕೊಳವೆ ಯಾವ ಕಡೆ ತಿರುಗಬೇಕು, ಪಂಪಿನ ವಿದ್ಯುತ್ ಎಲ್ಲಿ ಕಡಿತವಾಗಬೇಕು ಎಂಬ ಪ್ರತಿಯೊಂದು ತೀರ್ಮಾನದ ಮುಂದೆಯೂ ನಾನು ಈ ಪ್ರಶ್ನೆಯನ್ನು ಇಟ್ಟು ನೋಡುತ್ತೇನೆ. ಉತ್ತರ ಸಮಾಧಾನ ಕೊಡದಿದ್ದರೆ ಕೆಲಸ ಮುಂದುವರಿಸುವುದಿಲ್ಲ.

ಜಲಜನಕದಿಂದ ವಿದ್ಯುತ್ ತೆಗೆಯುವ ಇಂಧನ ಕೋಶಕ್ಕೂ ಫ್ಯೂಯೆಲ್ ಸೆಲ್ ಎಂಬ ಇದೇ ಇಂಗ್ಲಿಷ್ ಹೆಸರಿದೆ. ಇಲ್ಲಿ ಹೇಳುತ್ತಿರುವುದು ಅದರ ವಿಷಯವಲ್ಲ. ಇದು ಪೆಟ್ರೋಲ್ ಅಥವಾ ಡೀಸೆಲ್ ತುಂಬುವ ಸುರಕ್ಷಾ ಟ್ಯಾಂಕ್. ಹೊರಗೆ ಉಕ್ಕಿನ ಅಥವಾ ಅಲ್ಯೂಮಿನಿಯಂ ಪೆಟ್ಟಿಗೆ, ಅದರೊಳಗೆ ಬಲವಾದ ಬಟ್ಟೆಯ ಮೇಲೆ ರಬ್ಬರು ಲೇಪಿಸಿದ ಚೀಲ, ಚೀಲದೊಳಗೆ ಸ್ಪಂಜಿನಂಥ ಫೋಮ್. ಪೆಟ್ಟು ಬಿದ್ದು ಪೆಟ್ಟಿಗೆ ನಜ್ಜುಗುಜ್ಜಾದರೂ ಚೀಲ ಬಾಗಿ ಬಳುಕಿ ಹರಿಯದೆ ಉಳಿಯುತ್ತದೆ. 1964ರ ಇಂಡಿಯಾನಾಪೊಲಿಸ್ 500 ಓಟದಲ್ಲಿ ಎಡ್ಡಿ ಸ್ಯಾಕ್ಸ್ ಮತ್ತು ಡೇವ್ ಮೆಕ್‌ಡೊನಾಲ್ಡ್ ಎಂಬ ಇಬ್ಬರು ಚಾಲಕರು ಇಂಧನ ಹೊತ್ತಿಕೊಂಡ ಭೀಕರ ಅಪಘಾತದಲ್ಲಿ ಪ್ರಾಣ ಕಳೆದುಕೊಂಡರು. ಆ ನಂತರದ ವರ್ಷಗಳಲ್ಲಿ ಮೋಟಾರು ಓಟದ ಜಗತ್ತು ಇಂಥ ಟ್ಯಾಂಕಿನ ಕಡೆಗೆ ಹೊರಳಿತು.

ಯಾವುದನ್ನು ಕೊಳ್ಳಬೇಕು

ಮಾರುಕಟ್ಟೆಯಲ್ಲಿ ಫ್ಯೂಯೆಲ್ ಸೆಲ್ ಎಂಬ ಹೆಸರಿನಲ್ಲಿ ಎರಡು ತೀರಾ ಬೇರೆ ವಸ್ತುಗಳು ಸಿಗುತ್ತವೆ. ಒಂದು ಮೇಲೆ ವಿವರಿಸಿದ ಚೀಲದ ಟ್ಯಾಂಕ್. ಇನ್ನೊಂದು ಒಳಚೀಲವಿಲ್ಲದ, ಬರೀ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಡಬ್ಬಿ. ಎರಡನೆಯದಕ್ಕೆ ಫೋಮ್ ತುಂಬಿದ ಮಾತ್ರಕ್ಕೆ ಅದು ಮೊದಲನೆಯದರ ಸಮಕ್ಕೆ ಬರುವುದಿಲ್ಲ. ಬೆಲೆಯ ಅಂತರ ದೊಡ್ಡದು ನಿಜ, ಆದರೆ ಉಳಿತಾಯ ಮಾಡಲೇಬೇಕಾದರೆ ದೀಪ, ವಿಂಚ್, ಚಕ್ರಗಳಲ್ಲಿ ಮಾಡಿ, ಇಲ್ಲಿ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಚೀಲದ ಮೇಲೆ ಪ್ರಮಾಣೀಕರಣದ ಗುರುತು ಇರಬೇಕು. ಅಂತರರಾಷ್ಟ್ರೀಯ ಮೋಟಾರು ಓಟದ ಸಂಸ್ಥೆಯಾದ ಎಫ್‌ಐಎಯ ಮಾನದಂಡದಲ್ಲಿ ಎಫ್‌ಟಿ3, ಎಫ್‌ಟಿ3.5, ಎಫ್‌ಟಿ5 ಎಂಬ ದರ್ಜೆಗಳಿವೆ; ಓಟದ ಸಲಕರಣೆಗಳಿಗೆ ಮಾನದಂಡ ನಿಗದಿಮಾಡುವ ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯಲ್ಲಿ 28ನೇ ಸರಣಿ ಇದೆ. ಸ್ಪರ್ಧೆಗೆ ಇಳಿಯುವವರು ಕೊಳ್ಳುವ ಮೊದಲೇ ಆ ಸ್ಪರ್ಧೆಯ ನಿಯಮ ಪುಸ್ತಕವನ್ನು ಓದಬೇಕು. ಸಾರ್ವಜನಿಕ ರಸ್ತೆಯಲ್ಲೂ ಓಡಿಸುವವರು ಮೂಲ ಟ್ಯಾಂಕನ್ನು ಮತ್ತು ಇಂಧನದ ಆವಿ ಹಿಡಿಯುವ ಕ್ಯಾನಿಸ್ಟರನ್ನು ತೆಗೆಯಲು ಕಾನೂನಿನ ಅನುಮತಿ ಇದೆಯೇ ಎಂದು ಮೊದಲು ವಿಚಾರಿಸಬೇಕು. ಎಥೆನಾಲ್ ಬೆರೆತ ಪೆಟ್ರೋಲ್ ಬಳಸುವುದಾದರೆ ಚೀಲ, ಫೋಮ್, ಗ್ಯಾಸ್ಕೆಟ್, ಹೋಸ್ ಎಲ್ಲವೂ ಅದನ್ನು ತಾಳುವ ಬಗೆಯವೇ ಎಂದು ತಯಾರಕರಿಂದ ಖಚಿತಪಡಿಸಿಕೊಳ್ಳಿ. ತಾಳದ ಫೋಮ್ ಪುಡಿಪುಡಿಯಾಗಿ ಫಿಲ್ಟರಿಗೆ ಕಟ್ಟಿಕೊಳ್ಳುತ್ತದೆ.

ಗಾತ್ರದ ಆಸೆಯನ್ನು ಹಿಡಿತದಲ್ಲಿಡಿ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 0.74 ಕೆ.ಜಿ. 60 ಲೀಟರ್ ಎಂದರೆ 44 ಕೆ.ಜಿ. ಆಯಿತು. ಅಗತ್ಯಕ್ಕಿಂತ ದೊಡ್ಡ ಟ್ಯಾಂಕ್ ಹಾಕಿಸಿಕೊಂಡರೆ ಆ ತೂಕವನ್ನು ಪ್ರತಿ ಬಂಡೆಯ ಮೇಲೂ ಹೊತ್ತು ಹತ್ತಬೇಕಾಗುತ್ತದೆ.

ಹಳೆಯ ಟ್ಯಾಂಕನ್ನು ಇಳಿಸುವುದು

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ. ತುಂಬಿದ ಟ್ಯಾಂಕಿನಲ್ಲಿ ದ್ರವವಿರುತ್ತದೆ. ಖಾಲಿಯದರಲ್ಲಿ ಗಾಳಿ ಬೆರೆತ ಆವಿ ಇರುತ್ತದೆ, ಸ್ಫೋಟಿಸುವುದು ಆ ಆವಿ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ಆದ್ದರಿಂದ ನೆಲಕ್ಕಂಟಿಕೊಂಡು ಹರಿಯುತ್ತದೆ, ಗುಂಡಿಯಿದ್ದರೆ ಅಲ್ಲೇ ತುಂಬಿ ನಿಲ್ಲುತ್ತದೆ. ಹಾಗಾಗಿ ಈ ಕೆಲಸವನ್ನು ಸರ್ವಿಸ್ ಗುಂಡಿಯ ಮೇಲೆ ಮಾಡಬೇಡಿ, ಬಯಲಿನಲ್ಲಿ ಮಾಡಿ.

ಇಂಜೆಕ್ಷನ್ ಎಂಜಿನ್ ಆಗಿದ್ದರೆ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಪೈಪಿನ ಒತ್ತಡ ಇಳಿಯುತ್ತದೆ. ಎಂಜಿನ್ ಆರಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಇಂಧನ ಬಸಿಯುವಾಗ ಲೋಹದ ಡಬ್ಬಿ ಬಳಸಿ, ಅದನ್ನು ಚಾಸಿಸ್‌ಗೆ ಒಂದು ತಂತಿಯಿಂದ ಜೋಡಿಸಿ. ಕೈಯಳತೆಯಲ್ಲಿ ಒಣ ಪುಡಿಯ ಅಗ್ನಿಶಾಮಕ ಇರಲಿ. ಇಳಿಸಿದ ಟ್ಯಾಂಕಿನ ಹತ್ತಿರ ವೆಲ್ಡಿಂಗ್, ಗ್ರೈಂಡಿಂಗ್ ಕೂಡದು. ಹೊಸ ಚೌಕಟ್ಟಿನ ವೆಲ್ಡಿಂಗ್ ಎಲ್ಲ ಮುಗಿದು ತಣ್ಣಗಾದ ಮೇಲೆಯೇ ಇಂಧನವನ್ನು ಮತ್ತೆ ಕೆಲಸದ ಜಾಗಕ್ಕೆ ತನ್ನಿ.

ಜಾಗ

ಚಾಸಿಸ್‌ನ ಎರಡು ಉದ್ದ ತೊಲೆಗಳ ನಡುವೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಜಾಗ ಸಿಕ್ಕಿದರೆ ಅದಕ್ಕಿಂತ ಉತ್ತಮ ಬೇರೊಂದಿಲ್ಲ. ತೂಕ ಮಧ್ಯದಲ್ಲಿ, ಕೆಳಗೆ ಉಳಿಯುತ್ತದೆ. ಪಕ್ಕದಿಂದಾಗಲಿ ಹಿಂದಿನಿಂದಾಗಲಿ ಪೆಟ್ಟು ಬಿದ್ದರೆ ಮೊದಲು ಬೇರೆ ಲೋಹ ಬಾಗುತ್ತದೆ. ಆದರೆ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಸೈಲೆನ್ಸರ್ ಪೈಪ್ ಎಲ್ಲವೂ ಅಲ್ಲಿಯೇ ಹಾಯುವುದರಿಂದ ಹೆಚ್ಚಿನವರು ಆಕ್ಸಲ್‌ನ ಹಿಂದೆ, ಸ್ವಲ್ಪ ಎತ್ತರದಲ್ಲಿ ಕೂರಿಸುತ್ತಾರೆ. ಆಗ ಟ್ಯಾಂಕಿನ ತಳ ಬಂಡೆಯಿಂದ ಇಳಿಯುವಾಗ ನೆಲಕ್ಕೆ ತಾಗದಷ್ಟು ಮೇಲಿರಬೇಕು, ಟ್ಯಾಂಕಿಗೂ ಹಿಂಬದಿಯ ಬಂಪರಿಗೂ ನಡುವೆ ಚಾಸಿಸ್‌ನ ಗಟ್ಟಿ ಭಾಗವೊಂದು ಇರಬೇಕು.

ಜಾಗ ನಿರ್ಧರಿಸುವ ಮೊದಲು ಟ್ಯಾಂಕಿನ ಅಳತೆಯ ರಟ್ಟಿನ ಪೆಟ್ಟಿಗೆಯೊಂದನ್ನು ಮಾಡಿ ಅಲ್ಲಿ ಕಟ್ಟಿ ನೋಡುತ್ತೇನೆ. ಸ್ಪ್ರಿಂಗ್ ಕಳಚಿ, ಜಾಕ್ ಸಹಾಯದಿಂದ ಆಕ್ಸಲನ್ನು ಪೂರ್ತಿ ಮೇಲಕ್ಕೆತ್ತಿ, ಪೂರ್ತಿ ಇಳಿಸಿ, ಒಂದು ಕಡೆ ಎತ್ತಿ ಇನ್ನೊಂದು ಕಡೆ ಇಳಿಸಿ ಪರೀಕ್ಷಿಸಬೇಕು. ನೇರ ನಿಂತಾಗ ಒಂದು ಗೇಣು ದೂರವಿದ್ದ ಟೈರು, ಒಂದು ಪಕ್ಕ ಒತ್ತಿದಾಗ ಪೆಟ್ಟಿಗೆಯ ಮೂಲೆಯನ್ನು ಉಜ್ಜುವುದನ್ನು ನಾನು ಕಂಡಿದ್ದೇನೆ. ರಟ್ಟು ಹರಿದರೆ ಇನ್ನೊಂದು ರಟ್ಟು ಮಾಡಬಹುದು.

ಜನ ಕೂರುವ ಜಾಗಕ್ಕೂ ಟ್ಯಾಂಕಿಗೂ ನಡುವೆ ಸಂದಿಯಿಲ್ಲದ ಲೋಹದ ಗೋಡೆ ಬೇಕೇ ಬೇಕು. ತಂತಿ ಹಾಯುವ ಸಣ್ಣ ರಂಧ್ರವನ್ನೂ ಮುಚ್ಚಿ. ತೆರೆದ ಬಗ್ಗಿ ಮಾದರಿಯ ವಾಹನಕ್ಕೂ ಈ ಮಾತು ಅನ್ವಯಿಸುತ್ತದೆ.

ಚೌಕಟ್ಟು ಮತ್ತು ಪಟ್ಟಿಗಳು

60 ಲೀಟರಿನ ತುಂಬಿದ ಟ್ಯಾಂಕ್ ಪೆಟ್ಟಿಗೆಯೂ ಸೇರಿ ಸುಮಾರು 55 ಕೆ.ಜಿ. ತೂಗುತ್ತದೆ ಎಂದುಕೊಳ್ಳಿ. ಅಪಘಾತದ ಕ್ಷಣದಲ್ಲಿ ಗುರುತ್ವದ 20 ಪಟ್ಟು ಎಳೆತ ಬಂದರೆ ಅದು 1,100 ಕೆ.ಜಿ. ತೂಕದಂತೆ ಎಳೆಯುತ್ತದೆ. ಬಾಡಿಯ ತೆಳು ತಗಡಿಗೆ ನಾಲ್ಕು ಬೋಲ್ಟ್ ಹಾಕಿದರೆ ಬೋಲ್ಟ್ ಮುರಿಯುವುದಿಲ್ಲ, ತಗಡೇ ಹರಿದುಕೊಂಡು ಬರುತ್ತದೆ. ಆದ್ದರಿಂದ ಭಾರ ಚಾಸಿಸ್‌ಗೇ ಹೋಗಬೇಕು. 25 ಮಿ.ಮೀ. ಉಕ್ಕಿನ ಆ್ಯಂಗಲ್ ಅಥವಾ ಚೌಕ ಕೊಳವೆಯಿಂದ ಟ್ಯಾಂಕಿನ ತಳ ಪೂರ್ತಿ ಕೂರುವಂಥ ತೊಟ್ಟಿಲನ್ನು ಮಾಡಿ, ಮೇಲಿನಿಂದ ಕನಿಷ್ಠ ಎರಡು ಉಕ್ಕಿನ ಪಟ್ಟಿಗಳನ್ನು ಬಿಗಿಯಿರಿ. ದೊಡ್ಡ ಟ್ಯಾಂಕಾದರೆ ಅಡ್ಡಡ್ಡಲಾಗಿ ಇನ್ನೆರಡು ಬೇಕು. ಪೆಟ್ಟಿಗೆಗೇ ಕಿವಿಗಳನ್ನು ವೆಲ್ಡ್ ಮಾಡಿ ನೇತುಹಾಕುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಕಂಪನಕ್ಕೆ ವೆಲ್ಡಿನ ಅಂಚಿನಲ್ಲಿಯೇ ಬಿರುಕು ಹುಟ್ಟುತ್ತದೆ.

ಲೋಹಕ್ಕೆ ಲೋಹ ತಾಗುವಲ್ಲೆಲ್ಲ ಇಂಧನಕ್ಕೆ ಕರಗದ ರಬ್ಬರ್ ಪಟ್ಟಿ ಇಡಿ. ಸ್ಪಂಜಿನಂಥ ಮೃದು ರಬ್ಬರ್ ಬೇಡ, ಅದು ಕೆಸರಿನ ನೀರು ಹೀರಿಕೊಂಡು ತುಕ್ಕಿಗೆ ದಾರಿ ಮಾಡುತ್ತದೆ.

ಏಣಿಯಾಕಾರದ ಚಾಸಿಸ್ ಒಂದು ಚಕ್ರ ಬಂಡೆಯ ಮೇಲೂ ಇನ್ನೊಂದು ಗುಂಡಿಯಲ್ಲೂ ಇದ್ದಾಗ ತಿರುಚಿಕೊಳ್ಳುತ್ತದೆ. ತೊಟ್ಟಿಲನ್ನು ನಾಲ್ಕು ಮೂಲೆಗಳಲ್ಲೂ ಬಿಗಿಯಾಗಿ ವೆಲ್ಡ್ ಮಾಡಿದರೆ ಆ ತಿರುಚುವಿಕೆ ಎಲ್ಲವೂ ತೊಟ್ಟಿಲಿನ ಮೂಲಕ ಪೆಟ್ಟಿಗೆಗೆ ಇಳಿಯುತ್ತದೆ. ಮೂರು ಕಡೆ ಮಾತ್ರ ಆಧಾರ ಕೊಡುವುದು, ಇಲ್ಲವೇ ನಾಲ್ಕು ಕಡೆಯೂ ರಬ್ಬರ್ ಬುಷ್ ಹಾಕುವುದು ಇದಕ್ಕೆ ಪರಿಹಾರ. ಮೂರು ಕಾಲಿನ ಮಣೆ ಎಂಥ ನೆಲದಲ್ಲೂ ಅಲುಗದೆ ಕೂರುವುದರ ಹಿಂದಿನ ಕಾರಣವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಅಡಿಯಲ್ಲಿ ರಕ್ಷಾ ತಗಡು ಹಾಕುವವರು ಅದನ್ನು ಟ್ಯಾಂಕಿಗೆ ತಾಗಿಸಬೇಡಿ. ಎರಡು ಬೆರಳಿನಷ್ಟು ಸಂದಿ ಬಿಟ್ಟು, ನೀರೂ ಕೆಸರೂ ಹೋಗಲು ರಂಧ್ರಗಳನ್ನು ಕೊರೆಯಿರಿ.

ಗಾಳಿಯ ಕೊಳವೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಈ ವೆಂಟ್ ಕೊಳವೆಯಲ್ಲಿ. ಇಂಧನ ಖರ್ಚಾದಷ್ಟೂ ಗಾಳಿ ಒಳಗೆ ಬರಬೇಕು. ಬಿಸಿಗೆ ಉಬ್ಬಿದ ಆವಿ ಹೊರಗೆ ಹೋಗಬೇಕು. ವಾಹನ ಮಗುಚಿದಾಗ ದ್ರವದ ಒಂದು ಹನಿಯೂ ಹೊರಬರಬಾರದು. ಈ ಮೂರನ್ನೂ ಒಂದೇ ಕೊಳವೆ ಮಾಡಬೇಕು.

ಮೊದಲ ರಕ್ಷಣೆ ಟ್ಯಾಂಕಿನ ಮೇಲ್ತಟ್ಟೆಯಲ್ಲಿ ಕೂರುವ ರೋಲ್‌ಓವರ್ ವಾಲ್ವ್. ಅದರೊಳಗೊಂದು ಗುಂಡು ಇರುತ್ತದೆ, ತಲೆಕೆಳಗಾದಾಗ ಜಾರಿ ಬಂದು ದಾರಿ ಮುಚ್ಚುತ್ತದೆ. ಕೊಂಡ ಕೂಡಲೇ ವಾಲ್ವನ್ನು ಕೈಯಲ್ಲಿ ಹಿಡಿದು ನೇರವಾಗಿಯೂ ತಿರುಗಿಸಿಯೂ ಊದಿ ನೋಡಿ. ನೇರವಿದ್ದಾಗ ಗಾಳಿ ಸಲೀಸಾಗಿ ಹೋಗಬೇಕು, ತಿರುಗಿಸಿದಾಗ ನಿಲ್ಲಬೇಕು. ಆದರೆ ಇದೊಂದನ್ನೇ ನಂಬಬೇಡಿ. ವಾಹನ ಪಕ್ಕಕ್ಕೆ ಮಲಗಿದಾಗ ಗುಂಡು ಅರ್ಧದಲ್ಲಿ ನಿಲ್ಲಬಹುದು. ಧೂಳಿನ ಒಂದು ಕಣವೂ ಅದನ್ನು ಪೂರ್ತಿ ಮುಚ್ಚದಂತೆ ತಡೆಯಬಹುದು.

ಎರಡನೆಯ ರಕ್ಷಣೆ ಕೊಳವೆಯ ದಾರಿ. ಅದರಲ್ಲಿ ಅಲುಗಾಡುವ ಭಾಗವಿಲ್ಲ, ಆದ್ದರಿಂದ ಕೆಡುವಂಥದ್ದೂ ಇಲ್ಲ. ಕೊಳವೆಯನ್ನು ಮೇಲ್ತಟ್ಟೆಯ ನಡುವಿನಿಂದ ಹೊರಡಿಸಿ ಇಂಧನ ತುಂಬುವ ಬಾಯಿಗಿಂತ ಎತ್ತರಕ್ಕೆ ಒಯ್ಯಿರಿ. ಅಲ್ಲಿ ಟ್ಯಾಂಕಿನ ನಾಲ್ಕು ಅಂಚುಗಳ ಮೇಲೂ ಹಾಯುವಂತೆ ಒಂದು ಪೂರ್ತಿ ಸುತ್ತು ಹಾಕಿಸಿ, ನಂತರ ಟ್ಯಾಂಕಿನ ತಳಕ್ಕಿಂತಲೂ ಕೆಳಗೆ ಇಳಿಸಿ ಮುಗಿಸಿ. ಈಗ ವಾಹನವನ್ನು ಮನಸ್ಸಿನಲ್ಲಿಯೇ ಉರುಳಿಸಿ ನೋಡಿ. ಎಡಕ್ಕೆ ಮಲಗಿದರೆ ಕೊಳವೆಯ ಬಲಭಾಗ ಇಂಧನದ ಮಟ್ಟಕ್ಕಿಂತ ಮೇಲಿರುತ್ತದೆ. ಬಲಕ್ಕೆ ಮಲಗಿದರೆ ಎಡಭಾಗ ಮೇಲಿರುತ್ತದೆ. ಮೂತಿ ಕೆಳಗಾಗಿ ನಿಂತರೂ, ಬಾಲ ಕೆಳಗಾದರೂ ಹಾಗೆಯೇ. ಪೂರ್ತಿ ತಲೆಕೆಳಗಾದರೆ ಅತ್ಯಂತ ಕೆಳಗಿದ್ದ ಕೊನೆಯ ತುದಿಯೇ ಎಲ್ಲಕ್ಕಿಂತ ಮೇಲಾಗುತ್ತದೆ. ದ್ರವ ತನ್ನ ಮಟ್ಟಕ್ಕಿಂತ ಮೇಲೆ ತಾನಾಗಿ ಏರುವುದಿಲ್ಲ.

ಕೊಳವೆಯ ತುದಿ ಜನ ಕೂರುವ ಜಾಗದಿಂದ, ಸೈಲೆನ್ಸರಿನಿಂದ, ಬ್ರೇಕಿನಿಂದ ದೂರವಿರಲಿ. ತುದಿಗೆ ಸಣ್ಣ ಗಾಳಿ ಫಿಲ್ಟರ್ ಹಾಕಿ ಚಕ್ರದ ಕೆಸರು ಎರಚದ ಮರೆಯಲ್ಲಿ ಕಟ್ಟಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಪ್ರತಿ ಸಲ ಹೊರಟ 20 ನಿಮಿಷಕ್ಕೆ ಏರಿನಲ್ಲಿ ಎಂಜಿನ್ ಸೊರಗಿ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತಿತ್ತು. ಪಂಪ್ ಬದಲಿಸಿದೆ, ಫಿಲ್ಟರ್ ಬದಲಿಸಿದೆ. ಕೊನೆಗೆ ಒಂದು ದಿನ ನಿಂತ ಕೂಡಲೇ ಇಂಧನದ ಮುಚ್ಚಳ ತೆರೆದಾಗ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು. ವೆಂಟ್ ತುದಿಯಲ್ಲಿ ಒಣಗಿದ ಕೆಸರು ಕಟ್ಟಿಕೊಂಡಿತ್ತು. ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಪಂಪ್ ಎಳೆಯಲಾರದೆ ಸೋಲುತ್ತಿತ್ತು. ಎಂಜಿನ್ ಹೀಗೆ ಸೊರಗುವ ವಾಹನ ಎದುರಾದರೆ ಪಂಪ್ ಬಿಚ್ಚುವ ಮೊದಲು ಮುಚ್ಚಳ ತೆರೆದು ಕಿವಿಗೊಡಿ.

ತುಂಬುವ ಬಾಯಿ ಮತ್ತು ಮೇಲ್ತಟ್ಟೆ

ತುಂಬುವ ಬಾಯಿ ಜನ ಕೂರುವ ಜಾಗದ ಹೊರಗಿರಬೇಕು. ಬಾಯಿಗೂ ಟ್ಯಾಂಕಿಗೂ ನಡುವೆ ಬಾಗುವ ಹೋಸ್ ಇರಲಿ, ಎರಡೂ ತುದಿಗೆ ಜೋಡಿ ಕ್ಲಾಂಪ್ ಹಾಕಿ; ಬಾಡಿ ಒಂದು ಕಡೆ ಎಳೆದರೂ ಟ್ಯಾಂಕಿನ ಕತ್ತು ಮುರಿಯುವುದಿಲ್ಲ. ಕತ್ತಿನೊಳಗೆ ರೆಪ್ಪೆಯಂತೆ ಮುಚ್ಚಿಕೊಳ್ಳುವ ಫ್ಲ್ಯಾಪ್ ವಾಲ್ವ್ ಇರುವ ಮಾದರಿಯನ್ನೇ ಆರಿಸಿ. ಮುಚ್ಚಳ ಕಿತ್ತುಹೋದರೂ ಅದು ತಡೆಯುತ್ತದೆ.

ಮೇಲ್ತಟ್ಟೆಯ ಬೋಲ್ಟ್‌ಗಳನ್ನು ಒಂದರ ಎದುರಿನದನ್ನು ಬಿಗಿಯುತ್ತ, ಮೂರು ಸುತ್ತಿನಲ್ಲಿ, ತಯಾರಕರು ಹೇಳಿದ ಟಾರ್ಕ್‌ಗೆ ತನ್ನಿ. ಸಾಮಾನ್ಯ ಸಿಲಿಕೋನ್ ಅಂಟು ಬಳಸಬೇಡಿ, ಪೆಟ್ರೋಲಿನಲ್ಲಿ ಅದು ಉಬ್ಬಿ ಕಳಚುತ್ತದೆ. ಹೊರಪೆಟ್ಟಿಗೆ, ಮೇಲ್ತಟ್ಟೆ, ತುಂಬುವ ಬಾಯಿ ಮೂರನ್ನೂ ದಪ್ಪ ತಂತಿಯಿಂದ ಚಾಸಿಸ್‌ಗೆ ಜೋಡಿಸಿ, ಮಲ್ಟಿಮೀಟರಿನಲ್ಲಿ ಒಂದು ಓಮ್‌ಗಿಂತ ಕಡಿಮೆ ತೋರಿಸುತ್ತದೆಯೇ ನೋಡಿ. ರಬ್ಬರ್ ಪಟ್ಟಿಗಳ ಮೇಲೆ ಕೂತ ಟ್ಯಾಂಕಿಗೆ ಬೇರೆ ಅರ್ಥಿಂಗ್ ಇರುವುದಿಲ್ಲ. ತುಂಬುವಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೆ ಹೋಗಲು ದಾರಿ ಬೇಕು.

ಟ್ಯಾಂಕಿನೊಳಗೆ ಕೂತು ಇಂಧನದ ಮಟ್ಟವನ್ನು ಗೇಜಿಗೆ ತಿಳಿಸುವ ಸೆಂಡರ್ ಕೊಳ್ಳುವಾಗ ನಿಮ್ಮ ಗೇಜಿನ ಓಮ್ ಅಳತೆಗೆ ಹೊಂದಿಸಿ. 240ರಿಂದ 33 ಓಮ್ ಒಂದು ಸಾಮಾನ್ಯ ಬಗೆ, 0ಯಿಂದ 90 ಓಮ್ ಇನ್ನೊಂದು. ಒಂದರ ಸೆಂಡರಿಗೆ ಇನ್ನೊಂದರ ಗೇಜು ಹಾಕಿದರೆ ಖಾಲಿಯಾದದ್ದು ತುಂಬಿದೆಯೆಂದು ತೋರುತ್ತದೆ. ಫ್ಲೋಟ್ ತೋಳಿನ ಬಗೆ ಫೋಮಿನೊಳಗೆ ಆಡುವುದಿಲ್ಲ, ಕೊಳವೆಯಾಕಾರದ ಸೆಂಡರ್ ಹಾಕಿ.

ಇಂಧನ ಎತ್ತುವುದು, ಮರಳಿ ತರುವುದು

ಕಡಿದಾದ ಏರಿನಲ್ಲಿ ಇಂಧನ ಹಿಂದಕ್ಕೂ ಇಳಿಜಾರಿನಲ್ಲಿ ಮುಂದಕ್ಕೂ ಓಡುತ್ತದೆ. ಫೋಮ್ ಆ ಓಟವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಕಾರ್ಬ್ಯುರೇಟರ್ ಎಂಜಿನ್ನಿಗೆ ಅದರ ಫ್ಲೋಟ್ ಬಟ್ಟಲು ಕೆಲವು ಕ್ಷಣ ಕಾಪಾಡುತ್ತದೆ. ಇಂಜೆಕ್ಷನ್ ಎಂಜಿನ್ನಿಗೆ ಆ ಸೌಲಭ್ಯವಿಲ್ಲ, ಗಾಳಿಯ ಒಂದು ಗುಟುಕು ಹೋದರೂ ತಡವರಿಸುತ್ತದೆ. ಅಂಥ ಎಂಜಿನ್ನಿಗೆ ಒಂದೆರಡು ಲೀಟರಿನ ಸರ್ಜ್ ಟ್ಯಾಂಕ್ ಹಾಕುವುದು ಒಳ್ಳೆಯದು. ಕಡಿಮೆ ಒತ್ತಡದ ಪಂಪ್ ಮುಖ್ಯ ಟ್ಯಾಂಕಿನಿಂದ ಅದನ್ನು ಸದಾ ತುಂಬಿಡುತ್ತದೆ, ಹೆಚ್ಚಿನ ಒತ್ತಡದ ಪಂಪ್ ಅದರ ತಳದಿಂದ ಎತ್ತುತ್ತದೆ. ಎಂಜಿನ್ನಿನಿಂದ ಮರಳುವ ಇಂಧನವೂ ಮೊದಲು ಅಲ್ಲಿಗೇ ಬಂದು, ಹೆಚ್ಚಾದದ್ದು ಮೇಲಿನ ಬಾಯಿಯಿಂದ ಮುಖ್ಯ ಟ್ಯಾಂಕಿಗೆ ಹೋಗುತ್ತದೆ. ಆ ಮರಳು ಕೊಳವೆಯ ತುದಿ ಇಂಧನದೊಳಗೆ ಮುಳುಗಿರಲಿ, ಎತ್ತುವ ಬಾಯಿಯಿಂದ ದೂರವಿರಲಿ. ಇಲ್ಲವಾದರೆ ನೊರೆಯನ್ನೇ ಪಂಪ್ ಕುಡಿಯುತ್ತದೆ. ಟ್ಯಾಂಕಿನ ಬಳಿ ಮರಳು ಕೊಳವೆಗೆ ಒಮ್ಮುಖ ವಾಲ್ವ್ ಹಾಕಿದರೆ, ಪೈಪ್ ಹರಿದಾಗ ಇಂಧನ ಹಿಂದಕ್ಕೆ ಹರಿದುಬರುವುದಿಲ್ಲ.

ವಿದ್ಯುತ್ ಪಂಪ್ ತಳ್ಳುವುದರಲ್ಲಿ ಗಟ್ಟಿಗ, ಎಳೆಯುವುದರಲ್ಲಿ ದುರ್ಬಲ. ಟ್ಯಾಂಕಿನ ಹತ್ತಿರ, ಆದಷ್ಟು ಕೆಳಗೆ ಕೂರಿಸಿ. ಪಂಪಿನ ಮೊದಲು 100 ಮೈಕ್ರಾನ್ ಫಿಲ್ಟರ್, ನಂತರ ಇಂಜೆಕ್ಷನ್ನಿಗೆ 10 ಮೈಕ್ರಾನ್ ಫಿಲ್ಟರ್. ಇವನ್ನು ಅದಲುಬದಲು ಮಾಡಬೇಡಿ. ಸಣ್ಣ ಕಣ್ಣಿನ ಫಿಲ್ಟರ್ ಮೊದಲು ಬಂದರೆ ಪಂಪ್ ಉಸಿರುಗಟ್ಟಿ ಸಾಯುತ್ತದೆ. ಗಾತ್ರದ ಲೆಕ್ಕ ಸುಲಭ: ಪೆಟ್ರೋಲ್ ಎಂಜಿನ್ ಪೂರ್ಣ ಬಲದಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಅರ್ಧ ಪೌಂಡ್ ಇಂಧನ ಉರಿಸುತ್ತದೆ. 200 ಅಶ್ವಶಕ್ತಿಗೆ 100 ಪೌಂಡ್, ಅಂದರೆ ಸುಮಾರು 60 ಲೀಟರ್. ಬೇಕಾದ್ದಕ್ಕಿಂತ ಬಹಳ ದೊಡ್ಡ ಪಂಪ್ ಹಾಕಿದರೆ ಇಂಧನ ಸುತ್ತಿ ಸುತ್ತಿ ಬಿಸಿಯಾಗುತ್ತದೆ. ಕಾರ್ಬ್ಯುರೇಟರಿಗೆ ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ ಸಾಕು; ಇಂಜೆಕ್ಷನ್ನಿಗೆ ಎಂಜಿನ್ ತಯಾರಕರ ಅಂಕಿಯನ್ನೇ ಹಿಡಿಯಿರಿ, ಅನೇಕ ಎಂಜಿನ್ನುಗಳಲ್ಲಿ ಅದು 3 ಬಾರ್.

ಹೋಸ್ ಮತ್ತು ಫಿಟಿಂಗ್

ಹೋಸನ್ನು ತಿರುಪಿ ಜೋಡಿಸುವ ಎಎನ್ ಎಂಬ ಬಗೆಯ ಫಿಟಿಂಗ್‌ಗಳ ಸಂಖ್ಯೆ ಇಂಚಿನ ಹದಿನಾರರ ಒಂದು ಭಾಗದ ಲೆಕ್ಕ. ಎಎನ್-6 ಎಂದರೆ 6/16, ಅಂದರೆ 3/8 ಇಂಚು. ಎಎನ್-8 ಎಂದರೆ ಅರ್ಧ ಇಂಚು. ಎಂಜಿನ್ನಿಗೆ ಹೋಗುವ ಮತ್ತು ಮರಳುವ ಪೈಪಿಗೆ ಎಎನ್-6, ಟ್ಯಾಂಕಿನಿಂದ ಪಂಪಿನವರೆಗಿನ ಎಳೆಯುವ ಪೈಪಿಗೆ ಎಎನ್-8 ಹೆಚ್ಚಿನ ವಾಹನಗಳಿಗೆ ಸರಿಹೋಗುತ್ತದೆ. ಇವುಗಳ ಇಳಿಜಾರು ಬಾಯಿ 37 ಡಿಗ್ರಿ, ಸಾಮಾನ್ಯ ವಾಹನಗಳ ಫ್ಲೇರ್ 45 ಡಿಗ್ರಿ. ಎರಡೂ ಒಂದಕ್ಕೊಂದು ತಿರುಗಿಕೊಂಡಂತೆ ಕಂಡರೂ ಸೋರುತ್ತವೆ. 37 ಡಿಗ್ರಿಯ ಬಾಯಿ ಲೋಹಕ್ಕೆ ಲೋಹ ಕೂತು ಮುಚ್ಚುತ್ತದೆ, ಅಲ್ಲಿಗೆ ಟೇಪು ಸುತ್ತುವುದು ತಪ್ಪು. ಸೀಲಂಟ್ ಬೇಕಾಗುವುದು ಎನ್‌ಪಿಟಿ ಎಂಬ ಮೊನಚು ಎಳೆಯ ಜೋಡಣೆಗೆ ಮಾತ್ರ.

ಹೋಸಿನಲ್ಲಿ ರಬ್ಬರ್ ಒಳಪದರದ್ದು ಅಗ್ಗ, ಬಾಗಿಸಲು ಸುಲಭ. ಆದರೆ ಕಾಲ ಕಳೆದಂತೆ ಅದರ ಮೂಲಕ ಆವಿ ಹೊಮ್ಮಿ ಶೆಡ್ಡಿನಲ್ಲಿ ಪೆಟ್ರೋಲ್ ವಾಸನೆ ನಿಲ್ಲುತ್ತದೆ. ಪಿಟಿಎಫ್ಇ, ಅಂದರೆ ಟೆಫ್ಲಾನ್ ಒಳಪದರದ್ದಕ್ಕೆ ಆ ದೋಷವಿಲ್ಲ, ಎಥೆನಾಲನ್ನೂ ತಾಳುತ್ತದೆ. ವಿದ್ಯುತ್ ಹರಿಯಬಲ್ಲ ಕಪ್ಪು ಒಳಪದರದ ಬಗೆಯನ್ನೇ ಕೊಳ್ಳಿ, ಬಿಳಿಯದರಲ್ಲಿ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ. ಎರಡು ಬಗೆಯ ಹೋಸಿಗೂ ಫಿಟಿಂಗ್ ಬೇರೆ ಬೇರೆ. ಕತ್ತರಿಸುವ ಜಾಗಕ್ಕೆ ಬಿಗಿಯಾಗಿ ಟೇಪು ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ ನೇರವಾಗಿ ಕತ್ತರಿಸಿ, ಒಳಗಿನ ಪುಡಿಯನ್ನು ಗಾಳಿ ಹಾಯಿಸಿ ತೆಗೆದು, ಒಂದು ಹನಿ ಎಣ್ಣೆ ಹಚ್ಚಿ ಜೋಡಿಸಿ.

ಉದ್ದದ ದಾರಿಗೆ ಲೋಹದ ಪೈಪ್ ಹಾಕುವವರು ತಾಮ್ರವನ್ನು ದೂರವಿಡಿ. ಕಂಪನಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ, ಪೆಟ್ರೋಲಿನಲ್ಲಿ ಅಂಟು ಕೂಡಿಸುತ್ತದೆ. ದಾರಿ ಚಾಸಿಸ್ ತೊಲೆಯ ಒಳಮಗ್ಗುಲಲ್ಲಿ, ಸೈಲೆನ್ಸರಿನ ಎದುರು ಪಕ್ಕದಲ್ಲಿ ಹೋಗಲಿ. 30ರಿಂದ 40 ಸೆಂ.ಮೀ.ಗೊಂದು ರಬ್ಬರ್ ಒಳಪಟ್ಟಿಯ ಕ್ಲಾಂಪ್ ಹಾಕಿ. ಲೋಹದ ಹೆಣಿಗೆಯ ಹೋಸ್ ಅರದಂತೆ, ಉಜ್ಜಿದಲ್ಲೆಲ್ಲ ಪಕ್ಕದ ತಂತಿಯನ್ನೂ ಬ್ರೇಕ್ ಪೈಪನ್ನೂ ತಿನ್ನುತ್ತದೆ. ಚಾಸಿಸ್‌ನಿಂದ ಎಂಜಿನ್ನಿಗೆ ದಾಟುವಲ್ಲಿ ಸ್ವಲ್ಪ ಸಡಿಲ ಬಿಡಿ, ಎಂಜಿನ್ ತನ್ನ ಮೌಂಟಿನ ಮೇಲೆ ಹೊರಳಾಡುತ್ತದೆ.

ಪಂಪಿನ ವಿದ್ಯುತ್

ಪಂಪಿಗೆ ರಿಲೇ ಮತ್ತು ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಬರೀ ಇಗ್ನಿಷನ್ ಸ್ವಿಚ್ಚಿಗೆ ಜೋಡಿಸಿದರೆ ವಾಹನ ಮಗುಚಿ ಎಂಜಿನ್ ನಿಂತ ಮೇಲೂ ಪಂಪ್ ಓಡುತ್ತಲೇ ಇರುತ್ತದೆ, ಹರಿದ ಪೈಪಿನಿಂದ ಇಂಧನ ಚಿಮ್ಮುತ್ತಲೇ ಇರುತ್ತದೆ. ಎಂಜಿನ್ ನಿಂತೊಡನೆ ರಿಲೇ ಕಡಿಯುವಂತೆ ಆಯಿಲ್ ಒತ್ತಡದ ಸ್ವಿಚ್ ಅಥವಾ ಎಂಜಿನ್ ಕಂಪ್ಯೂಟರಿನ ಮೂಲಕ ಜೋಡಿಸಿ. ಸೀಟ್ ಬೆಲ್ಟ್ ಬಿಗಿದ ಚಾಲಕನಿಗೂ ಹೊರಗೆ ನಿಂತವರಿಗೂ ಎಟಕುವಂತೆ, ವಿದ್ಯುತ್ತನ್ನು ಒಮ್ಮೆಲೇ ಕಡಿಯುವ ಕಿಲ್ ಸ್ವಿಚ್ ಇಡಿ.

ಪರೀಕ್ಷೆ

ನೀರು ತುಂಬಿ ಪರೀಕ್ಷಿಸಬೇಡಿ, ಫೋಮ್ ಆ ನೀರನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಐದು ಲೀಟರ್ ಇಂಧನ ಹಾಕಿ, ಎಂಜಿನ್ ಆರಿಸಿಯೇ ಪಂಪನ್ನು ಹತ್ತು ಸೆಕೆಂಡ್ ಓಡಿಸಿ. ಪ್ರತಿ ಜೋಡಣೆಯ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಕಣ್ಣಿಗೆ ಕಾಣದ ಜಿನುಗನ್ನು ಕಾಗದ ತೋರಿಸುತ್ತದೆ. ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಆಮೇಲೆ ತುಂಬಿಸಿ, ಆದರೆ ಕಂಠಮಟ್ಟ ಬೇಡ: 60 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಒಂದು ಲೀಟರಿಗೂ ಹೆಚ್ಚು ಉಬ್ಬುತ್ತದೆ. ತುಂಬಿದ ವಾಹನವನ್ನು ಇಳಿಜಾರಿನಲ್ಲಿ ನಾಲ್ಕೂ ದಿಕ್ಕಿಗೆ ವಾಲಿಸಿ ನಿಲ್ಲಿಸಿ, ವೆಂಟ್ ತುದಿಯ ಕೆಳಗೆ ಒಣ ಬಟ್ಟೆ ಹಾಸಿ, ಅರ್ಧ ಗಂಟೆ ಕಾಯಿರಿ. ಬಟ್ಟೆ ಒದ್ದೆಯಾದರೆ ಕೊಳವೆಯ ಸುತ್ತನ್ನು ಮತ್ತೆ ಮಾಡಿ.

ಪಂಪ್ ಓಡುತ್ತಿರುವಾಗ ಅದರ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟಿಗಿಂತ ಹೆಚ್ಚು ಕುಸಿದಿದ್ದರೆ ತಂತಿ ತೆಳುವಾಯಿತು ಅಥವಾ ಅರ್ಥಿಂಗ್ ಸರಿಯಿಲ್ಲ.

ಮೊದಲ ಓಟದಿಂದ ಬಂದ ದಿನವೇ ಪಟ್ಟಿಗಳನ್ನೂ ಮೇಲ್ತಟ್ಟೆಯ ಬೋಲ್ಟ್‌ಗಳನ್ನೂ ಮತ್ತೆ ಬಿಗಿಯಿರಿ, ಏಕೆಂದರೆ ರಬ್ಬರ್ ಕುಳಿತು ಸಡಿಲ ಬಂದಿರುತ್ತದೆ. ಪಂಪಿನ ಮೊದಲಿನ ಫಿಲ್ಟರನ್ನೂ ಬಿಚ್ಚಿ ನೋಡಿ. ಮೊದಲ ಸಲ ಸ್ವಲ್ಪ ಫೋಮ್ ಚೂರು ಸಿಗುವುದು ಸಹಜ, ನಾಲ್ಕನೆಯ ಸಲವೂ ಸಿಕ್ಕಿದರೆ ಫೋಮ್ ಕೊಳೆಯುತ್ತಿದೆ ಎಂದರ್ಥ. ಎಫ್‌ಐಎ ಪ್ರಮಾಣಿತ ಚೀಲದ ಆಯುಸ್ಸು ತಯಾರಾದ ದಿನದಿಂದ 5 ವರ್ಷ. ತಯಾರಕರು ಪರೀಕ್ಷಿಸಿ ಮರುಪ್ರಮಾಣೀಕರಿಸಿದರೆ ಇನ್ನೂ 2 ವರ್ಷದವರೆಗೆ ಬಳಸಬಹುದು. ಆ ದಿನಾಂಕವನ್ನು ಚೀಲದ ಮೇಲಿನಿಂದ ನೋಡಿಕೊಂಡು, ತುಂಬುವ ಬಾಯಿಯ ಪಕ್ಕದಲ್ಲಿ ಅಳಿಸದ ಬಣ್ಣದಲ್ಲಿ ಬರೆದಿಡಿ.